ಬೋರ್ಡಿನ ಮೇಲೆ 08384 ಇರಲೇಬೇಕು

ನಮ್ಮ ನರ್ಸರಿಗೆ ಹೊಸ ಬೋರ್ಡ್ ಬರೆಸುವಾಗ ಅಣ್ಣನಿಗೂ ನನಗೂ ಒಂದು ವಾದವೇ ಆಯಿತು. ಎರಡು ಮೊಬೈಲ್ ನಂಬರ್ ಹಾಕಿದರೆ ಸಾಕು, ಲ್ಯಾಂಡ್‌ಲೈನಿಗೆ ಈಗ ಯಾರು ಮಾಡ್ತಾರೆ ಅಂತ ಅವನು. ಲ್ಯಾಂಡ್‌ಲೈನ್ ನಂಬರೇ ಮೇಲಿರಬೇಕು, ಅದರ ಮೊದಲಿಗೆ ನಮ್ಮ ಶಿರಸಿಯ ಎಸ್‌ಟಿಡಿ ಕೋಡ್ (ಫೋನಿನಲ್ಲಿ ಊರನ್ನು ಗುರುತಿಸುವ ಸಂಖ್ಯೆ) 08384 ದಪ್ಪಗೆ ಕಾಣಬೇಕು ಅಂತ ನಾನು. ಕೊನೆಗೆ ನನ್ನ ಮಾತೇ ನಡೆಯಿತು. ಯಾಕೆ ಅಷ್ಟು ಹಟ ಹಿಡಿದೆ ಅಂತ ಕೆಲವರು ಕೇಳಿದರು. ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾವು ಮಾರುವುದು ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಜಾಯಿಕಾಯಿ, ಒಂದಷ್ಟು ಹಣ್ಣಿನ ಗಿಡ. ಶಿರಸಿ ಸುತ್ತಮುತ್ತಲಿನವರು ನೇರವಾಗಿ ಬಂದು ನೋಡಿ ಒಯ್ಯುತ್ತಾರೆ. ಅವರಿಗೆ ಫೋನ್ ನಂಬರೇ ಬೇಡ. ನಂಬರ್ ಬೇಕಾಗುವುದು ದೂರದವರಿಗೆ. ಪುತ್ತೂರು, ಮೂಡಿಗೆರೆ, ಕೊಡಗಿನ ಕಡೆಯವರು ಸಸಿ ನೋಡಿರುವುದಿಲ್ಲ, ನಮ್ಮ ಮುಖವನ್ನೂ ನೋಡಿರುವುದಿಲ್ಲ. ಆದರೂ ಮಳೆಗಾಲಕ್ಕೆ ಮೊದಲು ಅಡ್ವಾನ್ಸ್ ಕಳಿಸಬೇಕು. ಗಿಡ ಬರುತ್ತದೋ ಇಲ್ಲವೋ, ಈ ನರ್ಸರಿ ಅನ್ನುವುದು ನಿಜವಾಗಿ ಇದೆಯೋ ಇಲ್ಲವೋ ಅನ್ನುವ ಅನುಮಾನ ಅವರಿಗೆ ಬರುವುದು ಸಹಜ ಅಲ್ವಾ?

ಪುತ್ತೂರಿನ ಒಬ್ಬ ಹಿರಿಯ ಕೃಷಿಕರು ಮೊದಲ ಸಲ ಫೋನ್ ಮಾಡಿದಾಗ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಮೊಬೈಲ್ ನಂಬರ್ ಕೂಡ ಇತ್ತು ಮಾರಾಯ್ರೆ, ಆದರೆ ಇದರಲ್ಲಿ ಶಿರಸಿ ಕೋಡ್ ಉಂಟಲ್ಲ, ಅದಕ್ಕೆ ಇದಕ್ಕೇ ಮಾಡಿದೆ" ಅಂದರು. ಅವರ ಬಂಧುಗಳು ಯಾರೋ ಶಿರಸಿಯಲ್ಲಿದ್ದರಂತೆ. ಹಾಗಾಗಿ ಆ ಕೋಡ್ ಅವರಿಗೆ ಬಾಯಿಪಾಠ. ಹತ್ತು ಅಂಕಿಯ ಮೊಬೈಲ್ ನಂಬರ್ ನೋಡಿದರೆ ಆ ಮನುಷ್ಯ ಎಲ್ಲಿಯವನು ಅಂತ ತಿಳಿಯುವುದಿಲ್ಲ. ಹಿಂದೆ ಮೊದಲ ನಾಲ್ಕು ಅಂಕಿ ನೋಡಿ ಇದು ಕರ್ನಾಟಕದ್ದು ಅಂತ ಊಹಿಸಬಹುದಿತ್ತು. 2015ರ ಜುಲೈಯಿಂದ ದೇಶದ ಯಾವ ಮೂಲೆಗೆ ಹೋದರೂ ಅದೇ ಮೊಬೈಲ್ ನಂಬರ್ ಇಟ್ಟುಕೊಳ್ಳಬಹುದು. ಬಳಸುವವರಿಗೆ ಅದು ತುಂಬಾ ಒಳ್ಳೆಯದೇ. ಆದರೆ ನಂಬರಿನಿಂದ ಊರು ಹೇಳುವ ಕಾಲ ಮೊಬೈಲಿನ ಮಟ್ಟಿಗೆ ಮುಗಿಯಿತು. ಲ್ಯಾಂಡ್‌ಲೈನಿಗೆ ಅಂಥ ಸೌಲಭ್ಯ ನಮ್ಮಲ್ಲಿ ಇಲ್ಲ. 08384 ಅಂದರೆ ಆ ತಂತಿ ಬಂದು ಸೇರುವುದು ಶಿರಸಿ ತಾಲ್ಲೂಕಿನ ಒಂದು ಕಟ್ಟಡಕ್ಕೆ.

ಈ ಕೋಡ್‌ಗಳ ಲೆಕ್ಕಾಚಾರ ನನಗೆ ಚಿಕ್ಕಂದಿನಿಂದಲೂ ಇಷ್ಟ. ಅಪ್ಪನ ಹತ್ತಿರ ದಪ್ಪ ಟೆಲಿಫೋನ್ ಡೈರೆಕ್ಟರಿ ಇತ್ತು. ಅದರ ಮೊದಲ ಪುಟಗಳಲ್ಲಿ ಊರುಗಳ ಪಟ್ಟಿ. ನಮ್ಮ ಉತ್ತರ ಕನ್ನಡದ್ದು ನೋಡಿ: ಕಾರವಾರ 08382, ಜೋಯಿಡಾ 08383, ಶಿರಸಿ 08384, ಭಟ್ಕಳ 08385, ಕುಮಟಾ 08386, ಹೊನ್ನಾವರ 08387, ಅಂಕೋಲಾ 08388, ಸಿದ್ದಾಪುರ 08389. ಅಲ್ಲಿಗೆ ಸಾಲು ತುಂಬಿತು. ಉಳಿದ ತಾಲ್ಲೂಕುಗಳು ಬೇರೆ ಬೇರೆ ಸಾಲಿಗೆ ಹೋದವು. ಯಲ್ಲಾಪುರ 08419, ಮುಂಡಗೋಡ 08301, ಹಳಿಯಾಳ 08284. ದಾಂಡೇಲಿ ಆಗ ಹಳಿಯಾಳ ತಾಲ್ಲೂಕಿನಲ್ಲಿತ್ತು, ಅದಕ್ಕೂ 08284 ಬಂತು. ಆಮೇಲೆ ದಾಂಡೇಲಿಯೇ ತಾಲ್ಲೂಕಾಯಿತು, ಕೋಡ್ ಮಾತ್ರ ಹಳಿಯಾಳದ್ದೇ ಉಳಿಯಿತು. ಊರಿನ ಹೆಸರು ಬದಲಾದರೂ ಹಾಗೇ. ಗುಲ್ಬರ್ಗ 2014ರಲ್ಲಿ ಕಲಬುರಗಿ ಆಯಿತು, 08472 ಅಲ್ಲಾಡಲಿಲ್ಲ.

ದೇಶವನ್ನು ಇಂಥ 2,600ಕ್ಕೂ ಹೆಚ್ಚು ಸಣ್ಣ ಪ್ರದೇಶಗಳಾಗಿ ಹಂಚಿದ್ದಾರೆ. ಒಂದೊಂದಕ್ಕೆ ಒಂದು ಎಸ್‌ಟಿಡಿ ಕೋಡ್. ಹೆಚ್ಚುಕಡಿಮೆ ಒಂದು ತಾಲ್ಲೂಕಿಗೆ ಒಂದು ಅಂತ ಇಟ್ಟುಕೊಳ್ಳಬಹುದು. ಎಲ್ಲ ಕಡೆಯೂ ಈ ಲೆಕ್ಕ ಸರಿಹೋಗುವುದಿಲ್ಲ. ರಾಮನಗರ, ಚನ್ನಪಟ್ಟಣದವರಿಗೆ ಬೆಂಗಳೂರಿನ 080 ಇದೆ. ಅಲ್ಲಿಯ ಅಂಗಡಿಯವರು ತಮ್ಮ ಊರಿನ ಹೆಸರನ್ನು ಕೋಡ್‌ನಿಂದ ತೋರಿಸಲು ಆಗುವುದಿಲ್ಲ. ನಮಗೆ ಆ ತೊಂದರೆ ಇಲ್ಲ.

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದು. ಮುಂದಿನ ಸೊನ್ನೆ ಬಿಟ್ಟು ಕೋಡ್ ಮತ್ತು ನಂಬರ್ ಎರಡೂ ಸೇರಿಸಿ ಎಣಿಸಿ. ಯಾವ ಊರಾದರೂ ಹತ್ತೇ ಅಂಕಿ. ಬೆಂಗಳೂರಿಗೆ 80, ಹಾಗಾಗಿ ಮನೆ ನಂಬರಿಗೆ ಎಂಟು ಅಂಕಿ ಉಳಿಯುತ್ತದೆ. ಮೈಸೂರು 821, ಮಂಗಳೂರು 824, ಹುಬ್ಬಳ್ಳಿ-ಧಾರವಾಡ 836, ಅಲ್ಲೆಲ್ಲ ಏಳು ಅಂಕಿ. ಶಿರಸಿಗೆ 8384, ನಮ್ಮ ನಂಬರ್ ಆರೇ ಅಂಕಿ. ಜನ ಜಾಸ್ತಿ ಇದ್ದ ಕಡೆ ಕೋಡ್ ಚಿಕ್ಕದು, ನಂಬರ್ ಉದ್ದ. ಜನ ಕಡಿಮೆ ಇದ್ದ ಕಡೆ ಕೋಡ್ ಉದ್ದ, ನಂಬರ್ ಚಿಕ್ಕದು. ನಮ್ಮ ಕಡೆ ಮೊದಲು ಐದೇ ಅಂಕಿ ಇತ್ತು. 2000ದ ದಶಕದ ಆರಂಭದಲ್ಲಿ ಮುಂದೆ ಒಂದು 2 ಸೇರಿ ಆರಾಯಿತು. ಆ 2 ಬಿಎಸ್ಎನ್ಎಲ್ ಗುರುತು. ಏರ್‌ಟೆಲ್ ಲ್ಯಾಂಡ್‌ಲೈನ್ ಆದರೆ ಅಲ್ಲಿ 4 ಇರುತ್ತದೆ. ನಮ್ಮೂರಿನ ಹಳಬರು ಈಗಲೂ ಆ 2 ಬಿಟ್ಟು ಐದೇ ಅಂಕಿ ಹೇಳುತ್ತಾರೆ. ಕೇಳುವವರಿಗೂ ಅರ್ಥವಾಗುತ್ತದೆ.

ಆ ಕಾಲದಲ್ಲೇ 95ರ ಗೊಂದಲವೂ ಬಂದು ಹೋಯಿತು. ರಾಜ್ಯದೊಳಗೆ ಮಾಡುವಾಗ ಸೊನ್ನೆಯ ಬದಲು 95 ಒತ್ತಬೇಕಿತ್ತು. ಸಿದ್ದಾಪುರದವರು ನಮಗೆ ಮಾಡಬೇಕಾದರೆ 958384. ಆಮೇಲೆ ಅದನ್ನು ತೆಗೆದರು. ಈಗಲೂ ಕೆಲವು ಹಳೆಯ ಬಿಲ್ ಪುಸ್ತಕಗಳ ಮೇಲೆ ಆ 95 ಕಾಣುತ್ತದೆ. ನಿಮ್ಮಲ್ಲಿದ್ದರೆ ಹೊಡೆದು ಹಾಕಿ, ಅದನ್ನು ನೋಡಿ ಮಾಡಿದವರಿಗೆ ಫೋನ್ ತಾಗುವುದಿಲ್ಲ.

ಅಪ್ಪನ ತಲೆಮಾರಿಗೆ ಈ ಕೋಡ್ ಬಂದದ್ದೇ ದೊಡ್ಡ ಬಿಡುಗಡೆ. ಅದಕ್ಕೆ ಮೊದಲು ಟ್ರಂಕ್ ಕಾಲ್. ಎಕ್ಸ್‌ಚೇಂಜಿಗೆ ಫೋನ್ ಮಾಡಿ ಇಂಥ ಊರಿನ ಇಂಥ ನಂಬರ್ ಅಂತ ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ. ನಮ್ಮ ದೇಶದಲ್ಲಿ ಆಪರೇಟರ್ ಇಲ್ಲದೆ ನೇರವಾಗಿ ಬೇರೆ ಊರಿಗೆ ಡಯಲ್ ಮಾಡುವ ವ್ಯವಸ್ಥೆ ಮೊದಲು ಶುರುವಾದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಸಣ್ಣ ಊರುಗಳಿಗೆ ಅದು ಬರಲು ಎಷ್ಟೋ ವರ್ಷ ಬೇಕಾಯಿತು. 1984ರಲ್ಲಿ ಶುರುವಾದ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ 128 ಲೈನುಗಳ ಪುಟ್ಟ ಎಕ್ಸ್‌ಚೇಂಜ್ ತಯಾರಿಸಿತು. ಅದನ್ನು ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ನಮ್ಮ ದೂಳು, ಸೆಕೆ, ಕರೆಂಟ್ ಕಷ್ಟ ಎಲ್ಲ ತಡೆಯುವಂತೆ, ಎಸಿ ಇಲ್ಲದ ಕೋಣೆಯಲ್ಲೂ ನಡೆಯುವಂತೆ ಮಾಡಿದ್ದರು. ಸಿ-ಡಾಟ್ ಕಟ್ಟಿದ ಸ್ಯಾಮ್ ಪಿತ್ರೋಡಾ ಮತ್ತು ಅವರ ತಂಡದ ಈ ಕೆಲಸವನ್ನು ನಾವು ಇನ್ನೂ ಜಾಸ್ತಿ ನೆನೆಯಬೇಕು ಅಂತ ನನಗೆ ಅನ್ನಿಸುತ್ತದೆ. ಮಲೆನಾಡಿನ ಒಳಹಳ್ಳಿಗಳಿಗೆ ಫೋನ್ ಬಂದದ್ದು ಇಂಥ ಎಕ್ಸ್‌ಚೇಂಜುಗಳಿಂದ.

ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ದರ ಕಡಿಮೆ ಅಂತ ಊಟ ಮುಗಿಸಿ ಹೋಗಿ ಸಾಲು ನಿಲ್ಲುತ್ತಿದ್ದೆವು. ಆ ಬೂತಿನ ಗೋಡೆಯ ಮೇಲೂ ಊರುಗಳ ಕೋಡ್ ಪಟ್ಟಿ ಇರುತ್ತಿತ್ತು. ಅದನ್ನೆಲ್ಲ ಎಷ್ಟೋ ಜನ ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ.

ಈಗಿನ ವಿಷಯಕ್ಕೆ ಬರುತ್ತೇನೆ. ಲ್ಯಾಂಡ್‌ಲೈನ್ ಇಟ್ಟುಕೊಳ್ಳಲು ನನಗೆ ಇರುವ ಮುಖ್ಯ ಕಾರಣ, ಆ ನಂಬರ್ ನರ್ಸರಿಯದ್ದು, ಯಾವುದೇ ವ್ಯಕ್ತಿಯದ್ದಲ್ಲ. ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗ ಬೆಂಗಳೂರಿಗೆ ಹೋದ. ಅವನ ಮೊಬೈಲ್ ನಂಬರ್ ಎಷ್ಟೋ ಗಿರಾಕಿಗಳ ಹತ್ತಿರ ಇತ್ತು. ಅವನು ಪಾಪ, ಫೋನ್ ಬಂದಾಗೆಲ್ಲ ನಮ್ಮ ನಂಬರ್ ಕೊಡುತ್ತಿದ್ದ. ಎಲ್ಲರೂ ಹಾಗೆ ಮಾಡುತ್ತಾರೆ ಅಂತ ಹೇಳಲಾಗದು. ಅಪ್ಪ ತೀರಿಕೊಂಡ ಮೇಲೂ ಅವರ ಕಾಲದ ಗಿರಾಕಿಗಳು ಅದೇ ಆರು ಅಂಕಿಗೆ ಮಾಡುತ್ತಾರೆ. "ಹೆಗಡೇರ ನರ್ಸರಿನಾ?" ಅಂತ ಕೇಳುತ್ತಾರೆ. ಹೌದು ಅಂತ ಹೇಳಲು ಈ ಕಡೆ ಯಾರಾದರೂ ಇರುತ್ತೇವೆ. ಅಪ್ಪ, ಅಣ್ಣ, ನಾನು, ಯಾರು ಎತ್ತಿದರೂ ನಂಬರ್ ಒಂದೇ.

ಇನ್ನೊಂದು, ನಮ್ಮ ಕಡೆ ಮೊಬೈಲ್ ಸಿಗ್ನಲ್ ಎಲ್ಲ ಕಡೆ ಇಲ್ಲ. ನರ್ಸರಿಯ ಮೇಲಿನ ಗುಡ್ಡದಲ್ಲಿ ಸಿಗುತ್ತದೆ. ಕೆಳಗೆ ನೆರಳುಮನೆಯೊಳಗೆ ಹೋದರೆ ಮಾತು ಕತ್ತರಿಸುತ್ತದೆ. ಮಳೆಗಾಲದಲ್ಲಂತೂ ಟವರಿಗೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಅದೂ ಇಲ್ಲ. ಹಳೆಯ ತಾಮ್ರದ ತಂತಿಯ ಫೋನಿಗೆ ನಮ್ಮ ಮನೆಯ ಕರೆಂಟೇ ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಂತಿಯಲ್ಲಿ ಬರುತ್ತಿತ್ತು. ಊರಿಗೆಲ್ಲ ಕತ್ತಲೆ ಇದ್ದರೂ ರಿಸೀವರ್ ಎತ್ತಿದರೆ ಟೋನ್ ಕೇಳುತ್ತಿತ್ತು. ಮರ ಬಿದ್ದು ತಂತಿ ಹರಿದರೆ ಮಾತ್ರ ಕಷ್ಟ. ಆಗ ಲೈನ್‌ಮ್ಯಾನ್ ಬರುವವರೆಗೆ ಕಾಯಬೇಕಿತ್ತು.

ಈಗ ನಮ್ಮದು ಫೈಬರ್. ಇದನ್ನು ಮಾಡಿಸುವವರಿಗೆ ಒಂದು ಮಾತು ಹೇಳಲೇಬೇಕು. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಗೋಡೆಗೆ ಹಾಕಿದ ಪುಟ್ಟ ಡಬ್ಬಿ ನಮ್ಮ ಮನೆಯ ಕರೆಂಟಿನಿಂದಲೇ ನಡೆಯಬೇಕು. ಫೋನಿನ ತಂತಿಯನ್ನು ಸಿಕ್ಕಿಸುವುದು ಅದೇ ಡಬ್ಬಿಗೆ. ಕರೆಂಟ್ ಹೋದರೆ ಇಂಟರ್ನೆಟ್ ಜೊತೆ ಫೋನೂ ಸತ್ತಂತೆ. ಅದಕ್ಕೆ ಆ ಡಬ್ಬಿಯ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಅದು ಎಳೆಯುವ ಕರೆಂಟ್ ತೀರಾ ಕಡಿಮೆ, ಇನ್ವರ್ಟರಿಗೆ ಹೊರೆಯೇ ಅಲ್ಲ. ಇಂಟರ್ನೆಟ್ ಕನೆಕ್ಷನ್ ಹಾಕಲು ಬಂದವರು ಫೋನ್ ಬೇಕಾ ಅಂತ ಕೇಳದೆಯೂ ಹೋಗಬಹುದು. ನೀವೇ ಕೇಳಿ. ಮೊದಲಿನ ಲ್ಯಾಂಡ್‌ಲೈನ್ ನಂಬರ್ ಇದ್ದರೆ ಅದನ್ನೇ ಫೈಬರಿಗೆ ತರಲು ಅರ್ಜಿ ಕೊಡುವಾಗಲೇ ಹೇಳಿ. ಹೊಸ ಕನೆಕ್ಷನ್ ಅಂತ ಮಾಡಿಸಿ ಹಳೆಯದನ್ನು ಸರೆಂಡರ್ ಮಾಡಿದ ಮೇಲೆ ಆ ನಂಬರ್ ವಾಪಸ್ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ನಮಗೆ ಪರಿಚಯದ ಒಬ್ಬ ಕಿರಾಣಿ ಅಂಗಡಿಯವರು ಹಾಗೆ ಅಪ್ಪನ ಕಾಲದ ನಂಬರ್ ಕಳೆದುಕೊಂಡರು. ಆ ಬೇಸರ ಅವರಿಗೆ ಇನ್ನೂ ಹೋಗಿಲ್ಲ.

ಲ್ಯಾಂಡ್‌ಲೈನ್ ನಂಬರಿಗೆ ವಾಟ್ಸಾಪ್ ಬರುವುದಿಲ್ಲ ಅನ್ನುವುದು ಅಣ್ಣನ ದೊಡ್ಡ ತಕರಾರಾಗಿತ್ತು. ಗಿರಾಕಿಗಳು ಫೋಟೋ ಕಳಿಸಿ ಅಂತಾರೆ, ಅದಕ್ಕೆ ಮೊಬೈಲ್ ನಂಬರೇ ಬೇಕು ಅಂತ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಲ್ಯಾಂಡ್‌ಲೈನ್ ನಂಬರಿನಲ್ಲೂ ನಡೆಯುತ್ತದೆ. ನಾವು ಮಾಡಿಕೊಂಡದ್ದು ಹೀಗೆ. ಆ್ಯಪಿನಲ್ಲಿ ಭಾರತ, +91 ಆರಿಸಿದೆವು. ಆಮೇಲೆ ಸೊನ್ನೆ ಬಿಟ್ಟು 8384, ಅದರ ಬೆನ್ನಿಗೇ ನಮ್ಮ ಆರು ಅಂಕಿ. ಅದು ಮೊದಲು ಎಸ್ಎಂಎಸ್ ಕಳಿಸಲು ನೋಡುತ್ತದೆ, ಲ್ಯಾಂಡ್‌ಲೈನಿಗೆ ಅದು ಬರುವ ಮಾತೇ ಇಲ್ಲ. ಗಡಿಯಾರ ಓಡಿ ಮುಗಿಯುವವರೆಗೆ ಸುಮ್ನೆ ಕಾದರೆ ಫೋನ್ ಮಾಡಿ ಹೇಳುವ ಆಯ್ಕೆ ಬರುತ್ತದೆ. ಅದನ್ನು ಒತ್ತಿದೆವು. ಮೇಜಿನ ಮೇಲಿನ ಫೋನ್ ರಿಂಗಾಯಿತು. ಅಣ್ಣ ರಿಸೀವರ್ ಹಿಡಿದ, ನಾನು ಪೆನ್ನು ಹಿಡಿದೆ. ಒಂದು ದನಿ ಆರು ಅಂಕಿ ಹೇಳಿತು, ಅವನು ಒಂದೊಂದೇ ಹೇಳಿದ, ನಾನು ಬರೆದುಕೊಂಡು ಆ್ಯಪಿನಲ್ಲಿ ಹೊಡೆದೆ. ಆಯಿತು. ಈಗ ಗಿರಾಕಿಗೆ ಹೋಗುವ ಪ್ರತಿ ಫೋಟೋದ ಮೇಲೆ ನಮ್ಮ ಲ್ಯಾಂಡ್‌ಲೈನ್ ನಂಬರೇ ಕಾಣುತ್ತದೆ. ಅಣ್ಣನ ಸ್ವಂತ ನಂಬರಿಗೆ ರಾತ್ರಿ ಹತ್ತು ಗಂಟೆಗೆ ಮೆಣಸಿನ ಬಳ್ಳಿಯ ರೇಟ್ ಕೇಳುವ ಮೆಸೇಜ್ ಬರುವುದು ನಿಂತಿದೆ. ಈಗ ಇದರ ಪರ ಮಾತಾಡುವುದು ಅವನೇ ಜಾಸ್ತಿ.

ಹೊರಗೆ ಹೋಗುವ ಫೋನಿನ ವಿಷಯದಲ್ಲೂ ವ್ಯತ್ಯಾಸ ಕಂಡಿದ್ದೇನೆ. ಗೊತ್ತಿಲ್ಲದ ಮೊಬೈಲ್ ನಂಬರ್ ಅಂದರೆ ಜನ ಈಗ ಎತ್ತುವುದೇ ಇಲ್ಲ. ಸಾಲ ಬೇಕಾ, ಪಾರ್ಸಲ್ ಹಿಡಿದಿದ್ದೇವೆ, ಕೆವೈಸಿ ಮುಗಿದಿದೆ ಅಂತ ಮೋಸದವರ ಕಾಟ ಅಷ್ಟಿದೆ. 08384 ಅಂತ ಬಂದರೆ ಶಿರಸಿಯಿಂದ ಯಾರು ಅಂತ ಎತ್ತುತ್ತಾರೆ, ಅದರಲ್ಲೂ ಸಸಿಗೆ ಆರ್ಡರ್ ಕೊಟ್ಟು ಕಾಯುತ್ತಿರುವವರು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಫೋನಿನ ಪರದೆಯ ಮೇಲೆ ಸುಳ್ಳು ನಂಬರ್ ತೋರಿಸಲು ಮೋಸಗಾರರಿಗೆ ಬರುತ್ತದೆ. ಲ್ಯಾಂಡ್‌ಲೈನ್ ನಂಬರ್ ಕಂಡಿತು ಅಂತ ಬಂದ ಫೋನನ್ನು ಪೂರ್ತಿ ನಂಬಬೇಡಿ. ಅನುಮಾನ ಬಂದರೆ ಇಟ್ಟುಬಿಡಿ, ಬೋರ್ಡ್ ಅಥವಾ ಬಿಲ್ಲಿನ ಮೇಲಿರುವ ನಂಬರ್ ನೋಡಿ ನೀವೇ ತಿರುಗಿ ಮಾಡಿ. ನಮ್ಮ ಗಿರಾಕಿಗಳಿಗೂ ಇದನ್ನೇ ಹೇಳುತ್ತೇನೆ. ಅಡ್ವಾನ್ಸ್ ಹಾಕುವ ಮೊದಲು ಒಂದು ಸಲ ಲ್ಯಾಂಡ್‌ಲೈನಿಗೆ ಮಾಡಿ, ಖಾತೆ ನಂಬರ್ ಸರಿಯಾ ಅಂತ ಕೇಳಿ ಅಂತ. ಬೇಸರ ಮಾಡಿಕೊಳ್ಳುವ ಮಾತೇ ಇಲ್ಲ, ಕೇಳಿದಷ್ಟೂ ಒಳ್ಳೆಯದು.

ತಿಂಗಳ ಬಾಡಿಗೆ ದಂಡ ಅನ್ನುವವರಿದ್ದಾರೆ. ಬರೀ ಫೋನಿಗೆ ಕಟ್ಟುವ ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಈಗ ಹೇಗೂ ಇಂಟರ್ನೆಟ್ ಬೇಕೇ ಬೇಕು. ಅದರ ಜೊತೆಗೇ ಫೋನ್ ಬರುತ್ತದೆ, ದೇಶದೊಳಗಿನ ಮಾತು ಆ ಪ್ಲಾನಿನಲ್ಲೇ ಸೇರಿರುತ್ತದೆ. ಒಂದು ಫೋನ್ ಸೆಟ್ ಕೊಂಡರೆ ಮುಗಿಯಿತು. ಎಲ್ಲರೂ ತೋಟಕ್ಕೆ ಇಳಿದಿರುವ ಹೊತ್ತಿಗೆ ಮಾತ್ರ ತೊಂದರೆ. ಆಗ ಲ್ಯಾಂಡ್‌ಲೈನಿಗೆ ಬರುವ ಫೋನ್ ಮೊಬೈಲಿಗೆ ಹೋಗುವಂತೆ ಮಾಡಿ ಇಳಿಯುತ್ತೇವೆ.

ನಂಬರ್ ಬರೆಯುವ ರೀತಿಗೂ ಗಮನ ಕೊಡಿ. ನಮ್ಮೂರಿನ ಎಷ್ಟೋ ಬೋರ್ಡುಗಳಲ್ಲಿ ಬರೀ ಆರು ಅಂಕಿ ಇರುತ್ತದೆ. ಊರಿನವರಿಗೆ ಸಾಕು, ಜಾತ್ರೆಗೆ ಬಂದವರು ಬೋರ್ಡಿನ ಫೋಟೋ ಹೊಡೆದುಕೊಂಡು ಹೋದರೆ ಏನು ಮಾಡಬೇಕು? ಮೊಬೈಲಿನಿಂದ ಆ ಆರು ಅಂಕಿ ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಸೊನ್ನೆ ಬಿಟ್ಟು 8384 ಅಂತ ಶುರು ಮಾಡುವುದೂ ಬೇಡ. ಈಗ 8ರಿಂದ ಶುರುವಾಗುವ ಮೊಬೈಲ್ ನಂಬರುಗಳು ಬೇಕಾದಷ್ಟಿವೆ, ನೋಡಿದವರು ಇದನ್ನೂ ಮೊಬೈಲ್ ಅಂತಲೇ ತಿಳಿಯುತ್ತಾರೆ. ಬೋರ್ಡು, ಬಿಲ್ಲಿನ ಮೇಲೆ 08384, ಒಂದು ಅಡ್ಡಗೆರೆ, ಆಮೇಲೆ ಆರು ಅಂಕಿ. ವೆಬ್‌ಸೈಟಿನಲ್ಲಿ, ಗೂಗಲ್ ಮ್ಯಾಪಿನಲ್ಲಿ +91 ಹಾಕಿ ಸೊನ್ನೆ ತೆಗೆಯಿರಿ. ಅಡ್ಡಗೆರೆ ಸಣ್ಣ ವಿಷಯ ಅನ್ನಿಸಬಹುದು. ಅದಿಲ್ಲದೆ ಹನ್ನೊಂದು ಅಂಕಿ ಒಟ್ಟಿಗೆ ಬರೆದರೆ ಕೋಡ್ ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ಕಾಣುವುದಿಲ್ಲ, ಶಿರಸಿ ಅಂತ ಗುರುತು ಹಿಡಿಯುವುದೂ ಕಷ್ಟ.

ಈ ಕೋಡ್ ಇನ್ನು ಮುಂದೆ ಊರಿನವರಿಗೂ ಬೇಕಾಗಬಹುದು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಸೊನ್ನೆ ಕಡ್ಡಾಯ ಆಯಿತಲ್ಲ, ಅದು ಮೊದಲ ಹೆಜ್ಜೆ. 2025ರ ಫೆಬ್ರುವರಿಯಲ್ಲಿ ಟ್ರಾಯ್ (ದೇಶದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಇನ್ನೊಂದು ಶಿಫಾರಸು ಮಾಡಿದೆ. ಲ್ಯಾಂಡ್‌ಲೈನಿನಿಂದ ಲ್ಯಾಂಡ್‌ಲೈನಿಗೆ ಮಾಡುವಾಗ, ಒಂದೇ ಊರೊಳಗಾದರೂ, ಸೊನ್ನೆ ಮತ್ತು ಎಸ್‌ಟಿಡಿ ಕೋಡ್ ಸೇರಿಸಿಯೇ ಒತ್ತಬೇಕು ಅಂತ. ಬಳಕೆಯಾಗದೆ ಉಳಿದಿರುವ ನಂಬರುಗಳನ್ನು ಬಿಡಿಸಿಕೊಳ್ಳಲು ಈ ಏರ್ಪಾಡು. ಈಗ ಇರುವ ನಂಬರ್ ಯಾರದ್ದೂ ಬದಲಾಗುವುದಿಲ್ಲ, ಒತ್ತುವ ರೀತಿ ಮಾತ್ರ ಬದಲಾಗುತ್ತದೆ. ನನಗೆ ಇದು ಒಪ್ಪಿಗೆಯೇ. ಎದುರು ಅಂಗಡಿಯವರಿಗೂ 08384 ಒತ್ತಿ ಮಾಡಬೇಕು ಅಂದರೆ ನಮ್ಮ ಮಕ್ಕಳಿಗೂ ಆ ಕೋಡ್ ಬಾಯಿಗೆ ಬರುತ್ತದೆ. ನಿಮ್ಮ ಬೋರ್ಡು, ಬಿಲ್ ಪುಸ್ತಕ, ರಬ್ಬರ್ ಸ್ಟಾಂಪ್, ಡೆಲಿವರಿ ಗಾಡಿಯ ಬಾಗಿಲು, ಎಲ್ಲಿ ಬರೀ ಆರು ಅಂಕಿ ಇದೆಯೋ ನೋಡಿಕೊಳ್ಳಿ. ಮುಂದಿನ ಸಲ ಪ್ರಿಂಟ್ ಮಾಡಿಸುವಾಗ, ಬಣ್ಣ ಹೊಡೆಸುವಾಗ ಕೋಡ್ ಸೇರಿಸಿದರೆ ಬೇರೆ ಖರ್ಚೂ ಇಲ್ಲ. ನಾವು ಸಸಿಯ ಲಕೋಟೆಗೆ ಅಂಟಿಸುವ ಚೀಟಿಯಿಂದ ಶುರು ಮಾಡಿದ್ದೇವೆ.